ಅಲ್ಪಸಿದ್ಧತೆಯ ಮಾತಿನ ಚಟುವಟಿಕೆಗಳು ಮತ್ತು ರಂಗಂಪೇಟೆಯ ಇಂಗ್ಲಿಷ್ ತರಗತಿ: ಒಂದು ವಿಮರ್ಶೆ

ಪರಭಾಷಾ ಬೋಧನೆಯ ಕೈಪಿಡಿಗಳಲ್ಲಿ 'ಅಲ್ಪಸಿದ್ಧತೆ' ಎಂಬ ವಿಶೇಷಣವು ಒಂದು ಮೌಲ್ಯವಾಗಿ ನೆಲೆಗೊಂಡು ಕೆಲವು ದಶಕಗಳೇ ಸಂದಿವೆ. ಪೆನಿ ಅರ್ ಅವರ 'ಡಿಸ್ಕಷನ್ಸ್ ದಟ್ ವರ್ಕ್' 1981ರಲ್ಲಿ ಬಂತು. ಅವರೇ ಆಂಡ್ರೂ ರೈಟ್ ಅವರೊಡನೆ 1992ರಲ್ಲಿ ಪ್ರಕಟಿಸಿದ 'ಫೈವ್ ಮಿನಿಟ್ ಆಕ್ಟಿವಿಟೀಸ್' ತನ್ನ ಶೀರ್ಷಿಕೆಯಲ್ಲಿಯೇ ಶಿಕ್ಷಕರಿಗೆ ಸಮಯದ ಭರವಸೆ ಕೊಟ್ಟಿತು. 2000ದಲ್ಲಿ ಸ್ಕಾಟ್ ಥಾರ್ನ್‌ಬರಿ ಡೆನ್ಮಾರ್ಕಿನ 'ಡಾಗ್ಮೆ 95' ಚಲನಚಿತ್ರ ಚಳವಳಿಯ ಮಾದರಿಯನ್ನು ಭಾಷಾ ತರಗತಿಗೆ ತಂದರು. ಶಿಕ್ಷಕರೂ ವಿದ್ಯಾರ್ಥಿಗಳೂ ತಾವಾಗಿ ತರಗತಿಗೆ ತರುವುದಷ್ಟೇ ಪಾಠದ ಸಾಮಗ್ರಿಯಾಗಬೇಕು ಎಂಬುದು ಅವರ ವಾದ. ಲ್ಯೂಕ್ ಮೆಡಿಂಗ್ಸ್ ಅವರೊಡನೆ ಬರೆದ 2009ರ 'ಟೀಚಿಂಗ್ ಅನ್‌ಪ್ಲಗ್ಡ್' ಅದನ್ನೇ ವಿಸ್ತರಿಸಿತು. ಈ ಕೃತಿಗಳ ನಡುವೆ ತಾತ್ವಿಕ ಅಂತರವಿದೆ: ಒಂದು ಶಿಕ್ಷಕರ ಸಮಯವನ್ನು ಉಳಿಸಲು ಹೊರಟರೆ, ಇನ್ನೊಂದು ಪಠ್ಯಪುಸ್ತಕದ ಹಿಡಿತದಿಂದ ಮಾತನ್ನು ಬಿಡಿಸಲು ಹೊರಟಿದೆ. ಆದರೂ ಸಿದ್ಧತೆ ಕಡಿಮೆಯಾದಷ್ಟೂ ಮಾತು ಹೆಚ್ಚುತ್ತದೆ ಎಂಬ ನಂಬಿಕೆ ಎರಡರಲ್ಲಿಯೂ ಒಂದೇ.

ಈ ನಂಬಿಕೆಯನ್ನು ನಾವು ಸಾರಾಸಗಟಾಗಿ ತಿರಸ್ಕರಿಸುವುದಿಲ್ಲ. ಆದರೆ ಸಿದ್ಧತೆ ಎಂಬುದು ಹಾಗೆ ಸುಮ್ಮನೆ ಇಲ್ಲವಾಗುವ ವಸ್ತುವಲ್ಲ. ಶಿಕ್ಷಕರ ಮೇಜಿನಿಂದ ಅದನ್ನು ಎತ್ತಿದರೆ ಅದು ಇನ್ನೆಲ್ಲೋ ಹೋಗಿ ಕೂರುತ್ತದೆ. ಎಲ್ಲಿ ಕೂರುತ್ತದೆ, ಅದರ ಭಾರವನ್ನು ಯಾರು ಹೊರುತ್ತಾರೆ ಎಂಬುದು ಈ ಲೇಖನದ ಪ್ರಶ್ನೆ. ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ತರಗತಿಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ನಾವು ಅದನ್ನು ಚರ್ಚಿಸುತ್ತೇವೆ.

ಮೊದಲಿಗೆ ಪರಿಭಾಷೆಯ ಒಂದು ತೊಡಕು. ಕರ್ನಾಟಕದ ಶಾಲಾ ವ್ಯವಸ್ಥೆಯಲ್ಲಿ ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ 'ದ್ವಿತೀಯ ಭಾಷೆ'. ಇದು ಆಡಳಿತದ ಹೆಸರೇ ಹೊರತು ಸಾಮಾಜಿಕ ವಾಸ್ತವದ ವರ್ಣನೆಯಲ್ಲ. ರಂಗಂಪೇಟೆಯ ಓಣಿಗಳಲ್ಲಿ ಕೇಳುವುದು ಕನ್ನಡ ಮತ್ತು ದಖನಿ ಉರ್ದು. ಸುತ್ತಲಿನ ತಾಂಡಾಗಳಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಗಡಿಯಾಚೆಯ ತೆಲುಗು ಸಹ ಅಪರಿಚಿತವಲ್ಲ. ಎರಡನೆಯ, ಮೂರನೆಯ ಭಾಷೆಗಳ ಜಾಗವನ್ನು ಇವು ಆಗಲೇ ತುಂಬಿವೆ. ಇಂಗ್ಲಿಷ್ ಇಲ್ಲಿ ಹೊಸದೂ ಅಲ್ಲ. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರದಲ್ಲಿಯೇ ನೆಲೆಸಿ ಆಡಳಿತ ನಡೆಸಿದವನು. ಅವನ ಆತ್ಮಕಥೆ 1877ರಲ್ಲಿ, ಅವನ ಮರಣಾನಂತರ ಅಚ್ಚಾಯಿತು. ಆದರೆ 1858ರ ದಂಗೆಯ ತರುವಾಯ 1860ರಲ್ಲಿ ಸಂಸ್ಥಾನವು ನಿಜಾಮರ ಕೈಸೇರಿತು. ಮೈಸೂರು ಸೀಮೆಯಲ್ಲಿ ಆಡಳಿತದೊಂದಿಗೆ ಇಂಗ್ಲಿಷ್ ಬೇರು ಬಿಟ್ಟಂತೆ ಇಲ್ಲಿ ಬಿಡಲಿಲ್ಲ. ಕಚೇರಿಗೆ ಉರ್ದು ಬಂತು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವನ್ನೇ ಮಾಧ್ಯಮವಾಗಿಸಿಕೊಂಡು ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಉಳಿಸಿಕೊಂಡಿತು. ಕಲಿಯಬೇಕಾದ, ಆದರೆ ಬದುಕಬೇಕಿಲ್ಲದ ಭಾಷೆ ಎಂಬ ಸ್ಥಾನಮಾನ ಇಂಗ್ಲಿಷಿಗೆ ಈ ಭಾಗದಲ್ಲಿ ಹೀಗೆ ಹಳೆಯದು. 2007-08ರಲ್ಲಿ ರಾಜ್ಯ ಸರ್ಕಾರವು ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದ ಮೇಲೂ ಈ ಸ್ಥಿತಿ ಬದಲಾಗಿಲ್ಲ. ಆದ್ದರಿಂದ ನಾವು ಇಲ್ಲಿ ಇಂಗ್ಲಿಷನ್ನು ಪರಭಾಷೆ ಎಂದೇ ಕರೆಯುತ್ತೇವೆ.

ಈಗ ಅಲ್ಪಸಿದ್ಧತೆಯ ಚಟುವಟಿಕೆಗಳಲ್ಲಿ ಬಹುಶಃ ಅತ್ಯಂತ ಜನಪ್ರಿಯವಾದುದನ್ನು ತೆಗೆದುಕೊಳ್ಳೋಣ. 'ಇಂಥದ್ದು ಇರುವ ಒಬ್ಬರನ್ನು ಹುಡುಕಿ' ಎಂಬ ಆಟ. ಶಿಕ್ಷಕರು ಕರಿಹಲಗೆಯ ಮೇಲೆ ಐದಾರು ಸಾಲು ಬರೆಯುತ್ತಾರೆ: 'ಫೈಂಡ್ ಸಮ್‌ವನ್ ಹೂ ಹ್ಯಾಸ್ ಅ ಸೈಕಲ್', 'ಫೈಂಡ್ ಸಮ್‌ವನ್ ಹೂ ಹ್ಯಾಸ್ ಟೂ ಸಿಸ್ಟರ್ಸ್', ಹೀಗೆ. ಮಕ್ಕಳು ಎದ್ದು ಓಡಾಡಿ, ಪರಸ್ಪರ ಕೇಳಿ, ಹೆಸರು ಬರೆದುಕೊಳ್ಳಬೇಕು. ಬರೆಯಲು ಎರಡು ನಿಮಿಷ ಸಾಕು. ಕೈಪಿಡಿಯ ಲೆಕ್ಕದಲ್ಲಿ ಸಿದ್ಧತೆ ಅಷ್ಟೇ.

ಭಾಷಾವಿಜ್ಞಾನದ ಲೆಕ್ಕ ಬೇರೆ. 'ಸೈಕಲ್ ಇರುವವನನ್ನು ಹುಡುಕು' ಎಂಬಲ್ಲಿ ಕನ್ನಡದ ಸಂಬಂಧ ಉಪವಾಕ್ಯವು ಕೃದಂತದ ರೂಪದಲ್ಲಿ, ನಾಮದ ಹಿಂದೆ, ಸರ್ವನಾಮ ಪ್ರತ್ಯಯದೊಡನೆ ಬೆಸೆದು ಒಂದೇ ಪದವಾಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದು ನಾಮದ ಮುಂದೆ ಬರುವ ಪೂರ್ಣಕ್ರಿಯಾ ಉಪವಾಕ್ಯ. ಮಗು ಮೊದಲು ಇದನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಅದನ್ನು ಪ್ರಶ್ನೆಯಾಗಿಸಬೇಕು. 'ನಿನ್ನ ಹತ್ರ ಸೈಕಲ್ ಐತೇನು?' ಎಂದು ಕೇಳಲು ಕನ್ನಡಕ್ಕೆ ಬೇಕಾದುದು ಕೊನೆಗೆ ಅಂಟುವ ಒಂದು 'ಏನು' ಮಾತ್ರ. ಇಂಗ್ಲಿಷಿಗೆ ಅರ್ಥವಿಲ್ಲದ 'ಡು' ಎಂಬ ಸಹಾಯಕ ಕ್ರಿಯೆಯನ್ನು ವಾಕ್ಯದ ಮುಂದಕ್ಕೆ ತರಬೇಕು. ಹಲಗೆಯ ಮೇಲಿನ 'ಹ್ಯಾಸ್' ಅನ್ನು 'ಹ್ಯಾವ್' ಮಾಡಬೇಕು. ಮೂರನೆಯ ತೊಡಕು ಇನ್ನೂ ಆಳದ್ದು. 'ಹ್ಯಾವ್'ಗೆ ಸಮನಾದ ಕ್ರಿಯಾಪದವೇ ಕನ್ನಡದಲ್ಲಿ ಇಲ್ಲ. ಬಂಧುತ್ವವನ್ನು ಚತುರ್ಥಿಯಿಂದ ಹೇಳುತ್ತೇವೆ: 'ನನಗ ಇಬ್ಬರು ತಂಗ್ಯಾರು ಅದಾರ'. ಕೈಯಲ್ಲಿರುವ ವಸ್ತುವನ್ನು ಸಾಮೀಪ್ಯದಿಂದ ಹೇಳುತ್ತೇವೆ: 'ನನ್ನ ಹತ್ರ ಸೈಕಲ್ ಐತಿ'. ಎರಡನ್ನೂ ಒಂದೇ ಕ್ರಿಯಾಪದದಿಂದ ಹೇಳಬಹುದು ಎಂಬುದು ಈ ಮಗುವಿಗೆ ಹೊಸ ಸಂಗತಿ. 'ಮೈ ಟೂ ಸಿಸ್ಟರ್ಸ್ ದೇರ್' ಎಂಬ ಉತ್ತರವು ಅಜ್ಞಾನದ ಫಲವಲ್ಲ. ಅದು ಕನ್ನಡದ ಸ್ವಾಮ್ಯರಚನೆ ಇಂಗ್ಲಿಷ್ ಪದಗಳನ್ನು ತೊಟ್ಟು ಬಂದ ರೂಪ.

ಎರಡು ನಿಮಿಷದ ಸಿದ್ಧತೆಯ ಚಟುವಟಿಕೆಯೊಂದು ಒಂದೇ ಉಸಿರಿನಲ್ಲಿ ಮೂರು ರಚನಾತ್ಮಕ ರೂಪಾಂತರಗಳನ್ನು ಕೇಳುತ್ತಿದೆ. ಐರೋಪ್ಯ ಭಾಷೆಗಳ ಹಿನ್ನೆಲೆಯ ಅನೇಕ ವಿದ್ಯಾರ್ಥಿಗಳಿಗೆ ಇವುಗಳಲ್ಲಿ ಕೆಲವು ಸುಲಭ. 'ಹ್ಯಾವ್'ನಂಥ ಕ್ರಿಯಾಪದವೂ ನಾಮದ ಮುಂದಿನ ಸಂಬಂಧ ಉಪವಾಕ್ಯವೂ ಫ್ರೆಂಚ್, ಸ್ಪ್ಯಾನಿಷ್ ಮಾತನಾಡುವವರಿಗೆ ಮನೆಯ ಸರಕು. ಕೈಪಿಡಿಗಳು ಉಳಿಸಿದೆವೆಂದು ಹೇಳಿಕೊಳ್ಳುವ ಸಿದ್ಧತೆಯ ದೊಡ್ಡ ಪಾಲನ್ನು ಅಲ್ಲಿ ವಿದ್ಯಾರ್ಥಿಗಳ ಮೊದಲ ಭಾಷೆಯೇ ಮುಂಗಡವಾಗಿ ಮಾಡಿಟ್ಟಿರುತ್ತದೆ. ರಂಗಂಪೇಟೆಯಲ್ಲಿ ಆ ಮುಂಗಡ ಇಲ್ಲ.

ಇಲ್ಲಿ ಒಂದು ಅನುಕೂಲವೂ ಇದೆ, ಕೈಪಿಡಿಗಳಿಗೆ ತಿಳಿಯದ್ದು. ದಖನಿಯೂ ಲಂಬಾಣಿಯೂ ಇಂಡೋ-ಆರ್ಯನ್ ಭಾಷೆಗಳು. ಆದರೂ ಸ್ವಾಮ್ಯವನ್ನು ಹೇಳುವಾಗ ಅವೂ 'ಇರು' ಎಂಬ ಅರ್ಥದ ಕ್ರಿಯೆಯನ್ನೇ ಬಳಸುತ್ತವೆ. ಎಮೆನೋ 1956ರ ತಮ್ಮ ಪ್ರಬಂಧದಲ್ಲಿ ಭಾರತವನ್ನು ಒಂದು ಭಾಷಾವಲಯ ಎಂದು ಕರೆದುದರ, ಕಾಲಿನ್ ಮಸೀಕಾ 1976ರಲ್ಲಿ ಆ ವಲಯದ ಗಡಿಗಳನ್ನು ಗುರುತಿಸಲು ಯತ್ನಿಸಿದುದರ ತರಗತಿಯೊಳಗಿನ ಅರ್ಥ ಇದೇ. ಮೂರು ಮನೆಮಾತುಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ತಪ್ಪನ್ನು ಮಾಡುತ್ತಾರೆ. ಒಂದೇ ವಿವರಣೆ ಮೂವರಿಗೂ ಸಲ್ಲುತ್ತದೆ. ಬಹುಭಾಷಿಕ ತರಗತಿ ಎಂದಾಕ್ಷಣ ಗೊಂದಲವನ್ನೇ ನಿರೀಕ್ಷಿಸುವ ಬರಹಗಳು ಈ ಸಾಮ್ಯವನ್ನು ಗಮನಿಸುವುದು ಅಪರೂಪ.

ರಚನೆಯ ಮಾತು ಸಾಕು; ಸನ್ನಿವೇಶದ ಮಾತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ನಾವೇ ಒಂದು ಪಾಠ ಮಾಡಿ ಕೈಸುಟ್ಟುಕೊಂಡೆವು. ಆರಿಸಿಕೊಂಡದ್ದು 'ಎರಡು ನಿಜ, ಒಂದು ಸುಳ್ಳು' ಎಂಬ ಪ್ರಸಿದ್ಧ ಚಟುವಟಿಕೆ: ಪ್ರತಿಯೊಬ್ಬರೂ ತಮ್ಮ ಬಗ್ಗೆ ಮೂರು ವಾಕ್ಯ ಹೇಳಬೇಕು, ಸುಳ್ಳು ಯಾವುದೆಂದು ಉಳಿದವರು ಪ್ರಶ್ನೆ ಕೇಳಿ ಪತ್ತೆ ಮಾಡಬೇಕು. ನಾವು ಸೂಚನೆ ಕೊಟ್ಟು ಮುಗಿಸುತ್ತಿದ್ದಂತೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, 'ಸುಳ್ಳ ಯಾಕ ಹೇಳಬೇಕ್ರಿ?' ಎಂದು ಕೇಳಿದಳು. ತರಗತಿ ನಕ್ಕಿತು. ನಾವೂ ನಕ್ಕು ಮುಂದುವರಿದೆವು, ಮುಂದುವರಿಯಬಾರದಿತ್ತು. ಆ ಪ್ರಶ್ನೆಗೆ ನೀತಿಯ ಮುಖ ಇದ್ದಿರಬಹುದು, ಆದರೆ ಅದಕ್ಕಿಂತ ಹೆಚ್ಚಾಗಿ ಅದರಲ್ಲಿ ಸಂವಹನದ ತರ್ಕವಿತ್ತು. ಆ ಮಕ್ಕಳೆಲ್ಲ ಒಂದೆರಡು ಓಣಿಗಳವರು. ಯಾರ ಮನೆಯಲ್ಲಿ ಎಷ್ಟು ಜನ, ಯಾರ ಅಪ್ಪ ದುಡಿಯಲು ಯಾವ ಊರಿಗೆ ಹೋಗಿದ್ದಾರೆ, ಯಾರ ಎಮ್ಮೆ ಈದಿದೆ ಎಂಬುದು ಎಲ್ಲರಿಗೂ ಗೊತ್ತು. ಪತ್ತೆ ಮಾಡಲು ಅಲ್ಲಿ ಏನೂ ಇರಲಿಲ್ಲ. ಉಳಿದದ್ದು 'ಐ ಆಮ್ ಪ್ರೈಮ್ ಮಿನಿಸ್ಟರ್' ಎಂಬಂಥ ಸುಳ್ಳುಗಳು ಮಾತ್ರ. ನಂಬಬಹುದಾದ ಸುಳ್ಳಿಗೆ ವಿವರ ಬೇಕು. ವಿವರಕ್ಕೆ ವ್ಯಾಕರಣ ಬೇಕು. ಆ ವ್ಯಾಕರಣ ಇನ್ನೂ ಅವರ ಬಳಿ ಇರಲಿಲ್ಲ.

ಮಾಹಿತಿಯ ಕಂದರವನ್ನು ಆಧರಿಸಿದ ಚಟುವಟಿಕೆಗಳು ತರಗತಿಯಲ್ಲಿರುವವರು ಒಬ್ಬರಿಗೊಬ್ಬರು ಅಪರಿಚಿತರು ಎಂದು ಗ್ರಹಿಸುತ್ತವೆ. ಹತ್ತು ದೇಶಗಳಿಂದ ಬಂದ ವಯಸ್ಕರು ಇಂಗ್ಲೆಂಡಿನ ಯಾವುದೋ ಖಾಸಗಿ ಭಾಷಾಶಾಲೆಯಲ್ಲಿ ಮೊದಲ ಬಾರಿ ಭೇಟಿಯಾದಾಗ ಕಂದರವು ತಾನಾಗಿಯೇ ಇರುತ್ತದೆ, ಶಿಕ್ಷಕರು ಅದನ್ನು ತೋಡಬೇಕಿಲ್ಲ. 'ಸಿದ್ಧತೆ ಬೇಡ' ಎಂಬ ಮಾತಿನ ಹಿಂದೆ ಈ ಅಪರಿಚಿತತೆಯ ಬಂಡವಾಳ ಇದೆ. ಒಂದನೆಯ ತರಗತಿಯಿಂದ ಒಟ್ಟಿಗೆ ಬೆಳೆದ ನಲವತ್ತು ಮಕ್ಕಳಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಇಲ್ಲಿ ಎನ್. ಎಸ್. ಪ್ರಭು ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ನಡೆದ, 'ಬೆಂಗಳೂರು ಯೋಜನೆ' ಎಂದು ಲೋಕಪ್ರಸಿದ್ಧವಾದ ಪ್ರಯೋಗದ ಸಾರವನ್ನು ಅವರು 1987ರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ'ಯಲ್ಲಿ ಕೊಟ್ಟಿದ್ದಾರೆ. ಮಾಹಿತಿ, ತರ್ಕ, ಅಭಿಪ್ರಾಯ ಎಂದು ಕಂದರಗಳನ್ನು ಅವರು ಮೂರಾಗಿ ವಿಂಗಡಿಸಿ ತರ್ಕಕ್ಕೇ ಮಣೆ ಹಾಕಿದರು. ಈ ಆಯ್ಕೆಗೆ ಅವರು ಕೊಟ್ಟ ಕಾರಣಗಳು ಬೇರೆ. ಆದರೆ ಪರಿಚಿತರ ತರಗತಿಗೆ ಅದು ಎಷ್ಟು ಒಪ್ಪುತ್ತದೆ ಎಂಬುದು ನಮಗೆ ಆ ದಿನದ ಸೋಲಿನ ಬಳಿಕವಷ್ಟೇ ಹೊಳೆಯಿತು. ತರ್ಕದ ಕಂದರದಲ್ಲಿ ಮಾಹಿತಿ ಎಲ್ಲರ ಕಣ್ಣಮುಂದಿರುತ್ತದೆ. ಅದರಿಂದ ಏನು ಹೊರಡುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಪ್ರಭು ಅವರ ಶಿಕ್ಷಕರು ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಬಳಸಿದರು. ಸುರಪುರಕ್ಕೆ ರೈಲಿಲ್ಲ, ರೈಲು ಹಿಡಿಯಲು ಯಾದಗಿರಿಗೆ ಹೋಗಬೇಕು. ಆದರೆ ಬಸ್ ನಿಲ್ದಾಣದಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳ ಹೊತ್ತು ಕೇಳಿ ತಿಳಿಯಬಹುದು. ಮಕ್ಕಳಿಂದಲೇ ನಾಲ್ಕು ಬಸ್ಸಿನ ಸಮಯ ಹೇಳಿಸಿ ಹಲಗೆಯ ಮೇಲೆ ಬರೆದು, ಹತ್ತು ಗಂಟೆಯ ರೈಲಿಗೆ ಯಾದಗಿರಿಯಲ್ಲಿರಬೇಕಾದವರು ಯಾವ ಬಸ್ಸು ಹತ್ತಬೇಕು, ಅದು ತಪ್ಪಿದರೆ ಶಹಾಪುರದ ಮೇಲೆ ಹೋಗಿ ಮುಟ್ಟಬಹುದೇ ಎಂದು ಕೇಳುವುದಕ್ಕೆ ಸಾಮಗ್ರಿಯ ಸಿದ್ಧತೆ ಏನೂ ಬೇಡ. ಮಾಹಿತಿ ಕನ್ನಡದಲ್ಲಿ, ತರ್ಕ ಯಾವ ಭಾಷೆಯಲ್ಲಿಯಾದರೂ, ಉತ್ತರ ಇಂಗ್ಲಿಷಿನಲ್ಲಿ.

ಆದರೆ ಪ್ರಭು ಅವರನ್ನು ಮಾತಿನ ಚಟುವಟಿಕೆಗಳ ಪಕ್ಷಪಾತಿ ಎಂದು ಉದ್ಧರಿಸುವುದು ತಪ್ಪು. ನಮ್ಮ ಬೋಧನಾ ಪ್ರಬಂಧಗಳಲ್ಲಿ ಈ ತಪ್ಪು ಆಗಾಗ ಕಾಣುತ್ತದೆ. ಅವರ ಯೋಜನೆ ಗ್ರಹಿಕೆಗೆ ಒತ್ತು ಕೊಟ್ಟಿತು. ಮಕ್ಕಳಿಂದ ಮಾತನ್ನು ಬಲವಂತವಾಗಿ ಹೊರಡಿಸಲಿಲ್ಲ. ಗುಂಪು ಚಟುವಟಿಕೆಯನ್ನೂ ಅವರು ಪ್ರೋತ್ಸಾಹಿಸಲಿಲ್ಲ: ಕಲಿಯುವವರ ಅರೆಭಾಷೆಗೆ ಕಲಿಯುವವರ ಅರೆಭಾಷೆಯೇ ಮಾದರಿಯಾದರೆ ತಪ್ಪುಗಳು ಗಟ್ಟಿಯಾಗುತ್ತವೆ ಎಂಬ ಆತಂಕ ಅವರದು. ಇತ್ತ ಮೆರಿಲ್ ಸ್ವೇನ್ ಕೆನಡಾದ ಫ್ರೆಂಚ್ ಮಾಧ್ಯಮದ ಮಕ್ಕಳನ್ನು ಗಮನಿಸಿ, ಗ್ರಹಿಕೆಯೊಂದೇ ಸಾಲದು, ಆಡಿದರಷ್ಟೇ ವ್ಯಾಕರಣದ ಮೇಲೆ ಗಮನ ಹರಿಯುತ್ತದೆ ಎಂದು 1985ರಲ್ಲಿ ವಾದಿಸಿದರು. ನಾವು ಸ್ವೇನ್ ಅವರ ಕಡೆಗೇ ವಾಲುತ್ತೇವೆ. ಆದರೂ ಪ್ರಭು ಅವರ ಆತಂಕವನ್ನು ಹಗುರವಾಗಿ ಕಾಣಲಾರೆವು. ಮೂರು ಮನೆಮಾತುಗಳೂ ಒಂದೇ ತಪ್ಪಿನ ಕಡೆಗೆ ದೂಡುವ ತರಗತಿಯಲ್ಲಿ, ಮೇಲೆ ನಾವು ಅನುಕೂಲವೆಂದು ಹೇಳಿದ ಸಾಮ್ಯವೇ ಅಪಾಯವೂ ಆಗುತ್ತದೆ: ತಪ್ಪು ವಾಕ್ಯ ಎಲ್ಲರಿಗೂ ಅರ್ಥವಾಗುತ್ತದೆ, ಆದ್ದರಿಂದ ಅದನ್ನು ತಿದ್ದಿಕೊಳ್ಳುವ ಒತ್ತಡ ಯಾರಿಗೂ ಇರುವುದಿಲ್ಲ.

ಹಾಗಾದರೆ ಕಡಿಮೆ ಮಾಡಬೇಕಾದುದು ಯಾವ ಸಿದ್ಧತೆ? 'ಅಲ್ಪಸಿದ್ಧತೆ' ಎಂಬ ಪದ ಇಲ್ಲಿ ಎರಡನ್ನು ಒಂದಾಗಿಸಿ ಹಾದಿ ತಪ್ಪಿಸುತ್ತದೆ. ಒಂದು ಶಿಕ್ಷಕರ ಸಿದ್ಧತೆ, ಇನ್ನೊಂದು ಆಡುವವರ ಸಿದ್ಧತೆ. ಫಾಸ್ಟರ್ ಮತ್ತು ಸ್ಕೀಹನ್ ಅವರ 1996ರ ಅಧ್ಯಯನವು, ಮಾತಿಗೆ ಮುನ್ನ ಯೋಚಿಸಲು ಸಮಯ ಸಿಕ್ಕ ಕಲಿಕಾರ್ಥಿಗಳ ಮಾತು ಹೆಚ್ಚು ನಿರರ್ಗಳವೂ ಹೆಚ್ಚು ಸಂಕೀರ್ಣವೂ ಆಗಿರುವುದನ್ನು ತೋರಿಸಿತು. ಈ ಸಮಯ ಶಿಕ್ಷಕರ ಸಂಜೆಯಿಂದ ಒಂದು ನಿಮಿಷವನ್ನೂ ಕಸಿಯುವುದಿಲ್ಲ. ಆದರೆ 'ತಕ್ಷಣ ಮಾತಾಡಿ' ಎಂಬ ಧೋರಣೆಯ ಚಟುವಟಿಕೆಗಳು ಸಹಜತೆಯ ಹೆಸರಿನಲ್ಲಿ ಇದನ್ನೇ ಮೊದಲು ಕತ್ತರಿಸುತ್ತವೆ. ಪಾಲ್ ನೇಷನ್ ಅವರ ಬರಹಗಳಿಂದ ಪ್ರಸಿದ್ಧವಾದ 4-3-2 ತಂತ್ರ ನಮಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಒಂದೇ ವಿಷಯವನ್ನು ಮೂವರು ಬೇರೆ ಬೇರೆ ಕೇಳುಗರಿಗೆ ಕ್ರಮವಾಗಿ ನಾಲ್ಕು, ಮೂರು, ಎರಡು ನಿಮಿಷಗಳಲ್ಲಿ ಹೇಳುವುದು. ಸಾಮಗ್ರಿ ಸೊನ್ನೆ, ಆದರೆ ಮೊದಲ ಸಲ ಆಡಿದ ಮಾತೇ ಎರಡನೆಯದಕ್ಕೆ ಸಿದ್ಧತೆ. ರಂಗಂಪೇಟೆಯಲ್ಲಿ ನಾಲ್ಕು ನಿಮಿಷದ ಇಂಗ್ಲಿಷ್ ಮಾತು ದೂರದ ಮಾತು. ಒಂದು ನಿಮಿಷದಿಂದ ಶುರುಮಾಡಿ ಇಳಿಸಬೇಕು. ಪುನರುಕ್ತಿಯ ಬಗ್ಗೆ ಈ ಸೀಮೆಯ ಮಕ್ಕಳಿಗೆ ತಾತ್ಸಾರವೂ ಇಲ್ಲ. ದೊಡ್ಡಾಟದ ತಾಲೀಮಿನಲ್ಲಿ ಒಂದೇ ಮಾತನ್ನು ಹತ್ತು ಸಲ ಒಪ್ಪಿಸುವುದನ್ನು ನೋಡಿ ಬೆಳೆದವರು ಇನ್ನೂ ಇದ್ದಾರೆ.

ಆ ದಿನದ ಪಾಠದ ಉಳಿದ ಅರ್ಧವನ್ನೂ ಹೇಳಬೇಕು. ಸುಳ್ಳಿನ ಆಟ ನೆಲಕಚ್ಚಿದ ಮೇಲೆ ಬೇರೇನೂ ತೋಚದೆ, ಒಗಟು ಕಟ್ಟಿರಿ ಎಂದೆವು. ಗೊತ್ತಿರುವ ಒಗಟು ಬೇಡ, ಏಕೆಂದರೆ ಉತ್ತರವೂ ಗೊತ್ತಿರುತ್ತದೆ. ಈ ಕೋಣೆಯೊಳಗಿನ ಒಂದು ವಸ್ತುವಿನ ಬಗ್ಗೆ ಹೊಸದು. ಐದು ನಿಮಿಷ ಗುಸುಗುಸು ಕನ್ನಡದಲ್ಲಿ ನಡೆಯಿತು, ನಾವು ತಡೆಯಲಿಲ್ಲ. ಬಳಿಕ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಇಟ್ ನೋ ಮೌತ್, ಬಟ್ ಇಟ್ ಈಟ್ ಪೆನ್ಸಿಲ್' ಎಂದ. ಉತ್ತರ ಸುಲಭ, ಆದರೂ ನಾಲ್ಕಾರು ಕೈಗಳು ಎದ್ದವು. ಅಂದು ನಮಗೆ ಕಂಡದ್ದು ಒಗಟಿನ ಅಸ್ಥಿಪಂಜರ. ಒಂದು ವಸ್ತುವಿಗೆ ಒಂದು ಇದೆ, ಇನ್ನೊಂದು ಇಲ್ಲ, ಆದರೂ ಅದು ಹೀಗೆ ಮಾಡುತ್ತದೆ: ಸ್ವಾಮ್ಯ, ನಿಷೇಧ, ವಿರೋಧ. ನಮ್ಮ ಮಕ್ಕಳಿಗೆ ಅತ್ಯಂತ ಕಷ್ಟದ 'ಹ್ಯಾವ್' ಇಲ್ಲಿ ಆಟದ ಹೃದಯದಲ್ಲಿಯೇ ಕುಳಿತಿದೆ. ಅದನ್ನು ಬಿಟ್ಟು ಒಗಟು ಕಟ್ಟುವುದು ಕಷ್ಟ. ಇದು ಶುದ್ಧ ತರ್ಕದ ಕಂದರವೂ ಹೌದು, ಕೇಳುವವರು ಅಪರಿಚಿತರಾಗಿರಬೇಕಿಲ್ಲ.

ಇದನ್ನು ಯಶಸ್ಸಿನ ಕಥೆಯಾಗಿ ಓದಬಾರದು. 'ಇಟ್ ಹ್ಯಾಸ್ ನೋ ಮೌತ್' ಎಂದು ನಾವು ತಿದ್ದಿ ಹೇಳಿದುದನ್ನು ಮುಂದಿನ ಒಗಟುಗಳು ಎತ್ತಿಕೊಂಡವು. ಆದರೆ ಪ್ರಶ್ನೆ ಕೇಳುವವರು ಕೊನೆಯವರೆಗೂ 'ಇಟ್ ಹ್ಯಾವ್ ಲೆಗ್?' ಎಂದು ಸ್ವರವನ್ನು ಏರಿಸಿಯೇ ಕೇಳಿದರು. 'ಡಸ್' ಒಮ್ಮೆಯೂ ಬರಲಿಲ್ಲ. ಅರ್ಥ ಸ್ವರದಿಂದಲೇ ಆಗುತ್ತಿರುವಾಗ ಅದು ಬರಬೇಕಾದರೂ ಏಕೆ? ಪ್ರಭು ಅವರ ಆತಂಕ ನಮ್ಮ ಎದುರೇ ನಿಜವಾಗುತ್ತಿತ್ತು. ಜೊತೆಗೆ, ಸಿದ್ಧ ಒಗಟುಗಳಲ್ಲಿ ಹಲವು ಕನ್ನಡದ ಶ್ಲೇಷೆಯ ಮೇಲೆ ನಿಂತಿರುವುದರಿಂದ ಭಾಷೆ ದಾಟಲಾರವು. ಜಾನಪದವನ್ನು ತರಗತಿಗೆ ತಂದಾಕ್ಷಣ ಬೋಧನೆ ದೇಸಿಯಾಯಿತು ಎಂಬ ಉತ್ಸಾಹದಲ್ಲಿ ನಮಗೆ ಪಾಲಿಲ್ಲ. ಒಗಟು ಇಲ್ಲಿ ಉಪಯುಕ್ತವಾದದ್ದು ಅದರ ದೇಸಿತನದಿಂದಲ್ಲ, ವಾಕ್ಯರಚನೆಯಿಂದ.

ಆ ಹುಡುಗನ ವಾಕ್ಯದಲ್ಲಿ 'ಹ್ಯಾಸ್' ಏಕೆ ಬಿಟ್ಟುಹೋಯಿತೆಂದು ಆ ಕ್ಷಣದಲ್ಲಿ ಗುರುತಿಸಲು ನಮಗೆ ನೆರವಾದದ್ದು ಯಾವ ಕೈಪಿಡಿ? ಯಾವುದೂ ಅಲ್ಲ. ಕನ್ನಡದಲ್ಲಿ ಸ್ವಾಮ್ಯ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ. ಅಲ್ಪಸಿದ್ಧತೆಯ ಬೋಧನೆಯಲ್ಲಿ ಸಿದ್ಧತೆಯ ಭಾರ ಕೊನೆಗೆ ಬಂದು ಕೂರುವುದು ಇಲ್ಲಿಯೇ: ಎದುರಾದ ಮಾತನ್ನು ಎದುರಾದಾಗಲೇ ಎತ್ತಿಕೊಂಡು ಬೆಳೆಸುವ ಶಿಕ್ಷಕರ ಸಾಮರ್ಥ್ಯದಲ್ಲಿ. ಡಾಗ್ಮೆ ಪಂಥವು ಈ ಸಾಮರ್ಥ್ಯವನ್ನು ಇಂಗ್ಲಿಷಿನ ಸರಾಗತೆಯೊಂದಿಗೆ ಸಮೀಕರಿಸುತ್ತದೆ, ಬಾಯಿಬಿಟ್ಟು ಹೇಳದಿದ್ದರೂ. ಪಠ್ಯಪುಸ್ತಕವನ್ನು ಪಕ್ಕಕ್ಕಿಡು ಎಂದು ಇಂಗ್ಲಿಷ್ ಮನೆಮಾತಿನವರಿಗೆ ಹೇಳಿದರೆ ಅದು ಬಿಡುಗಡೆ. ತಾವೂ ಕನ್ನಡ ಮಾಧ್ಯಮದಲ್ಲಿಯೇ ಓದಿ, ತರಗತಿಯ ಹೊರಗೆ ಇಂಗ್ಲಿಷ್ ಆಡುವ ಸಂದರ್ಭವೇ ಇಲ್ಲದ ಊರಿನಲ್ಲಿ ಕಲಿಸುವವರಿಗೆ ಹೇಳಿದರೆ, ಅದು ಊರುಗೋಲನ್ನು ಕಿತ್ತುಕೊಂಡು ನಡೆ ಎಂದಂತೆ. ಅವರು ಪುಸ್ತಕಕ್ಕೆ ಅಂಟಿಕೊಂಡರೆ ಅದನ್ನು ಸೋಮಾರಿತನ ಎಂದು ತರಬೇತಿ ಶಿಬಿರಗಳಲ್ಲಿ ಹೀಯಾಳಿಸುವುದನ್ನು ನಾವು ಕೇಳಿದ್ದೇವೆ. ಅದು ಅನ್ಯಾಯ. ಅದೇ ಶಿಕ್ಷಕರಿಗೆ ಮಕ್ಕಳ ಮೂರು ಮನೆಮಾತುಗಳಲ್ಲಿ ಎರಡಾದರೂ ಬರುತ್ತವೆ. ಯಾವ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂಬುದು ಅವರ ಕಿವಿಗೆ ಗೊತ್ತು, ಅದಕ್ಕೆ ಹೆಸರು ಗೊತ್ತಿಲ್ಲ ಅಷ್ಟೇ. ಬದುಕಿನುದ್ದಕ್ಕೂ ನಡೆದ ಈ ಸಿದ್ಧತೆಗೆ ಕೈಪಿಡಿಯ ಲೆಕ್ಕದಲ್ಲಿ ಕಾಲಂ ಇಲ್ಲ. ಅತ್ಯುತ್ತಮ ವಿಧಾನ ಎಂಬುದಿಲ್ಲ, ಶಿಕ್ಷಕರಿಗೆ ತಮ್ಮ ಬೋಧನೆ ಒಪ್ಪಿತವೆನಿಸುವ ಒಂದು ಒಳಗಣ ಪ್ರಜ್ಞೆ ಮುಖ್ಯ ಎಂದು ಪ್ರಭು 1990ರಲ್ಲಿ ಬರೆದರು. ಆ ಪ್ರಜ್ಞೆಗೆ ಭಾಷಾವಿಜ್ಞಾನವು ಕೊಡಬಹುದಾದದ್ದು ಇಂಥ ಹೆಸರುಗಳನ್ನು: ಚತುರ್ಥಿ ಸ್ವಾಮ್ಯ, ಕೃದಂತ ಉಪವಾಕ್ಯ, ಪ್ರಶ್ನಾರ್ಥಕ ಪ್ರತ್ಯಯ. ನಮ್ಮ ವಿಭಾಗಗಳು ಶಿಕ್ಷಕರ ತರಬೇತಿಗೆ ಇವನ್ನು ಕೊಂಡೊಯ್ಯದೆ ಚಟುವಟಿಕೆಗಳ ಪಟ್ಟಿಯನ್ನು ಮಾತ್ರ ಕೊಂಡೊಯ್ಯುತ್ತಿರುವುದಕ್ಕೆ ನಾವೂ ಹೊಣೆಗಾರರು.

ಇಷ್ಟಾದ ಮೇಲೂ ಒಂದು ಗೋಡೆ ಉಳಿಯುತ್ತದೆ. ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷಿಗೆ ಇರುವ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಬಾಯಿಬಿಡುವ ಪ್ರಶ್ನೆ ಒಂದೂ ಇಲ್ಲ. ನಾವು ಒಗಟಿನ ಪಾಠ ಮುಗಿಸಿ ಹೊರಟಾಗ, ಸುಳ್ಳು ಯಾಕೆ ಹೇಳಬೇಕೆಂದು ಕೇಳಿದ್ದ ಹುಡುಗಿ ಬಾಗಿಲ ಬಳಿ ಬಂದು, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ವಿಚಾರಿಸಿದಳು. ಇಲ್ಲ ಎಂದೆವು. ಅವಳು ತಲೆಯಾಡಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಒಗಟಿನ ಕೆಳಗೆ ಗೆರೆ ಎಳೆದು, ಮುಂದಿನ ಪುಟಕ್ಕೆ ವಿಜ್ಞಾನದ ತಲೆಬರಹ ಹಾಕಿಕೊಂಡಳು.